ಲೋಣಾವಳಾ, ಮಹಾಬಳೇಶ್ವರ, ಮಾಥೇರಾನ್: ಘಾಟ್ ಏರಲು ಯಾವ ದಾರಿ ಲೇಸು?

ಮುಂಬಯಿ ಪಕ್ಕದ ಡೊಂಬಿವಲಿ, ಕಲ್ಯಾಣದ ಕನ್ನಡಿಗರ ಮನೆಗಳಲ್ಲಿ ಎರಡು ದಿನ ರಜೆ ಸಿಕ್ಕರೆ ಮೊದಲು ಬಾಯಿಗೆ ಬರುವ ಹೆಸರುಗಳು ಈ ಮೂರು ಗಿರಿಧಾಮಗಳದ್ದು. ಬೇರೆ ಬೇರೆ ಋತುಗಳಲ್ಲಿ, ರೈಲಿನಲ್ಲೂ ಕಾರಿನಲ್ಲೂ ನಾವು ಮೂರಕ್ಕೂ ಹೋಗಿ ಬಂದಿದ್ದೇವೆ. ಜೊತೆಯಲ್ಲಿ ಮಂಡಿನೋವಿನ ಅವ್ವ ಇರುತ್ತಾಳೆ. ಹಾಗಾಗಿ ಮೇಲಿನ ಊರು ಹೇಗಿದೆ ಎನ್ನುವುದಕ್ಕಿಂತ ಅಲ್ಲಿಗೆ ಏರುವ ದಾರಿ ಹೇಗಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಸಹ್ಯಾದ್ರಿಯಲ್ಲಿ ಘಾಟ್ ಏರುವುದೇ ಅರ್ಧ ಪ್ರವಾಸ.

ಈ ಲೆಕ್ಕದಲ್ಲಿ ಲೋಣಾವಳಾದ ರೈಲಿಗೆ ಸಾಟಿಯಿಲ್ಲ. ಭೋರ್ ಘಾಟ್‌ನ ಈ ಮಾರ್ಗ ತೆರೆದದ್ದು 1863ರಲ್ಲಿ. ಪ್ರತಿ 37 ಅಡಿಗೆ ಒಂದು ಅಡಿ ಏರುವ ಕಡಿದಾದ ಹಾದಿಯಾದ್ದರಿಂದ ಬಹುತೇಕ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಆ ನಿಲುಗಡೆಯಲ್ಲಿ ಕಿಟಕಿಗೇ ಬಿಸಿ ವಡಾಪಾವ್ ಬರುತ್ತದೆ. ಆಮೇಲೆ ಸುರಂಗದ ಕತ್ತಲೆ, ಕಣ್ಣು ಕುಕ್ಕುವ ಹಸಿರು, ಮತ್ತೆ ಕತ್ತಲೆ. ಮಂಕಿ ಹಿಲ್ ಸುತ್ತಮುತ್ತ ಮಳೆಗಾಲದಲ್ಲಿ ಹಳಿಯ ಪಕ್ಕದ ಬಂಡೆಗಳಿಂದಲೇ ನೀರು ಧುಮುಕುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವಾಗಲೂ ಇದೇ ಘಾಟ್ ದಾಟುತ್ತೇವೆ, ಆದರೆ ಆಗ ಗಮನವೆಲ್ಲ ಸಾಮಾನಿನ ಮೇಲೆ ಮತ್ತು ಬುತ್ತಿಯ ಮೇಲೆ. ಘಾಟ್ ನೋಡುವುದಕ್ಕೆಂದೇ ಒಮ್ಮೆ ಹೋಗಿ. ಬೆಳಗಿನ ಡೆಕ್ಕನ್ ಎಕ್ಸ್‌ಪ್ರೆಸ್‌ಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದೆ. ಟಿಕೆಟ್ ದುಬಾರಿ, ಆದರೂ ಜುಲೈ ತಿಂಗಳಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ.

ಅದೇ ಲೋಣಾವಳಾಕ್ಕೆ ಎಕ್ಸ್‌ಪ್ರೆಸ್‌ವೇ ಹಿಡಿದರೆ ಏನು ಕಾಣುತ್ತದೆ? ಏರಿನಲ್ಲಿ ತೆವಳುವ ಲಾರಿಗಳ ಬೆನ್ನು. ನಿಲ್ಲಿಸಿ ನೋಡುವಂತಿಲ್ಲ, ಕಾರು ಓಡಿಸುವವನಿಗಂತೂ ಕಣಿವೆಯ ಭಾಗ್ಯವೇ ಇಲ್ಲ. ಊರಿನ ಬಗ್ಗೆಯೂ ನನಗೆ ದೊಡ್ಡ ಮೋಹವಿಲ್ಲ. ಮಳೆಗಾಲದ ಭಾನುವಾರ ಭೂಶಿ ಅಣೆಕಟ್ಟಿನ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕಿ ಕೊಂಡು ಸಂಜೆಯ ಗಾಡಿಗೆ ಮರಳುವುದು ಉತ್ತಮ.

ಮಹಾಬಳೇಶ್ವರಕ್ಕೆ ರೈಲಿಲ್ಲ. ಒಂದೋ ಪುಣೆ, ವಾಯಿ ದಾಟಿ ಪಸರಣಿ ಘಾಟ್ ಏರಬೇಕು, ಇಲ್ಲವೇ ಕೊಂಕಣದ ಕಡೆಯಿಂದ ಪೋಲಾದಪುರದ ಮೂಲಕ ಪ್ರತಾಪಗಡದ ಬುಡದಲ್ಲಿ ಹಾಯುವ ಅಂಬೆನಳಿ ಘಾಟ್. ಎರಡನೆಯದು ಹೆಚ್ಚು ಕಾಡು, ಹೆಚ್ಚು ಚೆಲುವು. ಆದರೆ ಅದರ ತಿರುವುಗಳಲ್ಲಿ ಅವ್ವನ ಹೊಟ್ಟೆ ತೊಳಸಿತು, ಅಲ್ಲದೆ ಮಳೆಯಲ್ಲಿ ಗುಡ್ಡ ಕುಸಿಯುವ ಭಯವೂ ಇದೆ. ಹಿರಿಯರಿದ್ದರೆ ಪಸರಣಿಯೇ ಸರಿ. ಕೆಳಗೆ ಧೋಮ್ ಜಲಾಶಯದ ನೀರು ಬಹಳ ಹೊತ್ತು ಕಣ್ಣಿಗೆ ಜೊತೆಯಾಗುತ್ತದೆ. ಯಾವ ದಾರಿ ಹಿಡಿದರೂ ನಮ್ಮ ಕಡೆಯಿಂದ ಹೆಚ್ಚುಕಡಿಮೆ ಒಂದು ಹಗಲು ಹೋಗುತ್ತದೆ. ಎರಡು ರಾತ್ರಿ ಉಳಿಯಲಾಗದಿದ್ದರೆ ಹೊರಡಲೇಬೇಡಿ.

ಇಷ್ಟು ದೂರ ಹೋಗುವುದಕ್ಕೆ ನನಗಿರುವ ಕಾರಣ ಸ್ಟ್ರಾಬೆರಿಯೂ ಅಲ್ಲ, ಕಣಿವೆ ನೋಡುವ ಪಾಯಿಂಟುಗಳೂ ಅಲ್ಲ. ಹಳೇ ಮಹಾಬಳೇಶ್ವರದ ಪಂಚಗಂಗಾ ದೇವಾಲಯದಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಹುಟ್ಟುತ್ತವೆ ಎಂಬ ನಂಬಿಕೆ. ಕಲ್ಲಿನ ಗೋಮುಖದಿಂದ ನೀರು ಬೀಳುತ್ತಿರುತ್ತದೆ. ನಾವು ಬಾಗಲಕೋಟೆಯವರು, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಓಣಿಯ ಮನೆ ಬಿಟ್ಟು ನವನಗರಕ್ಕೆ ಬಂದವರು. ಅಲ್ಲಿ ಕಡಲಿನಂತೆ ಹರಡಿ ನಿಂತ ಕೃಷ್ಣೆ ಇಲ್ಲಿ ಬೊಗಸೆಗೆ ಸಿಗುತ್ತಾಳೆ. ಅವ್ವ ಆ ನೀರನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಕೃಷ್ಣೆಯ ದಂಡೆಯ ಕನ್ನಡಿಗರು ಇಲ್ಲಿಗೆ ಒಮ್ಮೆಯಾದರೂ ಬರಬೇಕು. ಮಳೆಗಾಲ ಮಾತ್ರ ಬೇಡ, ಮಂಜಿನಲ್ಲಿ ಮಾರುದೂರವೂ ಕಾಣದು.

ಉಳಿಯುವುದಕ್ಕೆ ನನ್ನ ಆಯ್ಕೆ ಮಾಥೇರಾನ್. ಡೊಂಬಿವಲಿಯಲ್ಲಿ ಕರ್ಜತ್ ಲೋಕಲ್ ಹತ್ತಿದರೆ ನೇರವಾಗಿ ನೇರಳ್. ಅಲ್ಲಿಂದ ಎರಡು ಅಡಿ ಅಗಲದ ಹಳಿಯ ಮೇಲೆ ಪುಟಾಣಿ ರೈಲು. ಮುಂಬಯಿಯ ಉದ್ಯಮಿ ಸರ್ ಆದಮ್‌ಜಿ ಪೀರಭಾಯ್ ಅವರ ಮನೆತನ ಸ್ವಂತ ಹಣ ಹಾಕಿ ಕಟ್ಟಿಸಿದ ಈ ಮಾರ್ಗ 1907ರಲ್ಲಿ ಆರಂಭವಾಯಿತು. ಸುಮಾರು 20 ಕಿಲೋಮೀಟರ್ ಏರಲು ಎರಡೂವರೆ ತಾಸಿಗೂ ಹೆಚ್ಚು. ಜುಮ್ಮಾಪಟ್ಟಿ, ವಾಟರ್ ಪೈಪ್ ಎಂಬ ಸಣ್ಣ ನಿಲ್ದಾಣಗಳಲ್ಲಿ ಇಳಿದು ಕಾಲು ಚಾಚಬಹುದು. ಸೀಟು ಇಕ್ಕಟ್ಟು, ಅವ್ವನ ಮಂಡಿಗೆ ಅದೊಂದು ಕಷ್ಟ.

ನೇರಳ್‌ನಿಂದ ಟ್ಯಾಕ್ಸಿಯಾದರೆ ಅರ್ಧ ತಾಸಿನಲ್ಲಿ ದಸ್ತುರಿ ನಾಕಾ ಮುಟ್ಟುತ್ತದೆ. ಖಾಸಗಿ ಕಾರು, ಬೈಕುಗಳು ಅಲ್ಲಿಂದಾಚೆ ಹೋಗುವಂತಿಲ್ಲ. ಕೆಂಪು ಮಣ್ಣಿನ ಹಾದಿ, ಕುದುರೆ, ಮರಗಳ ನೆರಳು. ಸಂಜೆಗೆ ಹಾರನ್ ಇಲ್ಲದ ಒಂದು ಊರು. ಮುಂಬಯಿಯಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ವಿಶ್ರಾಂತಿ ನನಗೆ ತಿಳಿದಿಲ್ಲ. ದಸ್ತುರಿಯಲ್ಲಿ ಕುದುರೆಯವರು ಸುತ್ತುವರಿಯುತ್ತಾರೆ. ಅವರನ್ನು ದಾಟಿ ಸ್ವಲ್ಪ ನಡೆದರೆ ಅಮನ್ ಲಾಜ್ ನಿಲ್ದಾಣ, ಅಲ್ಲಿಂದ ಊರೊಳಗೆ ಶಟಲ್ ರೈಲು. ಮಳೆಗಾಲದಲ್ಲಿ ನೇರಳ್‌ನಿಂದ ಮೇಲಿನ ಗಾಡಿ ನಿಂತರೂ ಶಟಲ್ ಓಡುತ್ತದೆ.

ಮಕ್ಕಳಿದ್ದರೆ ದೀಪಾವಳಿಯ ನಂತರ ನೇರಳ್‌ನಿಂದಲೇ ರೈಲು ಹತ್ತಿ, ಟಿಕೆಟ್ ಸಾಲಿಗೆ ಬೇಗ ನಿಲ್ಲಿ. ಅವ್ವನಂಥವರಿದ್ದರೆ ದಸ್ತುರಿಯವರೆಗೆ ಟ್ಯಾಕ್ಸಿ, ಮುಂದಕ್ಕೆ ಶಟಲ್. ಅಷ್ಟು ಸಣ್ಣ ದೂರದ ಇಕ್ಕಟ್ಟನ್ನು ಆಕೆ ನಗುತ್ತಲೇ ಸಹಿಸುತ್ತಾಳೆ.