ಲಿಥಿಯಂ ಎಸ್‌ಆರ್ 400 ಮಾತ್ರೆ: ತಮ್ಮನ ನಿದ್ದೆಗೆ ಏನು ಮಾಡ್ತು

ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉತ್ಸಾಹದ ಮೇನಿಯಾಗೆ, ಒಮ್ಮೆ ಡಿಪ್ರೆಶನ್‌ಗೆ ಹೋಗೋ ಕಾಯಿಲೆ) ಇರೋರ ಮನೆಯವ್ರಿಗೆ ಮೊದ್ಲೇ ಹೇಳ್ಬಿಡ್ತೀನಿ, ಲಿಥಿಯಂ ಎಸ್‌ಆರ್ ಅಂದ್ರೆ ಮೂಡನ್ನ ಹತೋಟಿಲಿಡೋ, ಮೈಯೊಳಗೆ ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆ, ನಿದ್ದೆ ಮಾತ್ರೆ ಅಲ್ಲ, ನುಂಗಿದ ರಾತ್ರಿನೇ ಗಡದ್ದಾಗಿ ಮಲಗ್ತಾರೆ ಅಂದ್ಕೋಬೇಡಿ. ನನ್ನ ತಮ್ಮಂಗೆ ಮೇನಿಯಾ ಬರೋವಾಗ ಮೂಡ್‌ಗಿಂತ ಮುಂಚೆ ಕೆಡ್ತಿದ್ದಿದ್ದೇ ನಿದ್ದೆ, ರಾತ್ರಿ 2 ಗಂಟೆಗೆ ಅಡುಗೆಮನೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಜೋಡಿಸ್ತಾ ಕೂತಿರೋನು, 5 ಗಂಟೆಗೆಲ್ಲ ಸ್ನಾನ ಮುಗಿಸಿ ರೆಡಿ, ಸುಸ್ತು ಅನ್ನೋದೇ ಇಲ್ಲ. ಡಿಪ್ರೆಶನ್‌ನಲ್ಲಿ ಉಲ್ಟಾ, ಮಧ್ಯಾಹ್ನ ಆದ್ರೂ ಏಳ್ತಿರ್ಲಿಲ್ಲ.

ಮಾತ್ರೆ ಶುರುವಾಗಿ ಒಂದೆರಡು ವಾರ ಏನೂ ಗೊತ್ತಾಗ್ಲಿಲ್ಲ. ಆಮೇಲೆ ನಿಧಾನಕ್ಕೆ ರಾತ್ರಿ ಊಟ ಆದ್ಮೇಲೆ ತಾನಾಗೇ ಆಕಳಿಸೋಕೆ ಶುರು ಮಾಡ್ದ, ಅಮ್ಮ ಅದನ್ನ ನೋಡಿ ಅತ್ತೇಬಿಟ್ರು. ನಮ್ಮ ಜೀವಕೋಶಗಳಲ್ಲಿ ಹಗಲು ರಾತ್ರಿ ಲೆಕ್ಕ ಇಡೋ ಜೀನ್‌ಗಳಿವೆ, ಅವುಗಳ ಓಟದ ಮೇಲೆ ಹಿಡಿತ ಇರೋ ಜಿಎಸ್‌ಕೆ-3 ಅನ್ನೋ ಎಂಜೈಮನ್ನ ಲಿಥಿಯಂ ತಡೆಯುತ್ತೆ, ಇಲಿಗಳಿಗೆ ಕೊಟ್ಟು ನೋಡಿದಾಗ ಅವುಗಳ ದಿನದ ಚಕ್ರನೇ ಸ್ವಲ್ಪ ಉದ್ದ ಆಗುತ್ತೆ. ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ, ಅದೂ ನಿಜ.

ತೊಂದ್ರೆನೂ ಇದೆ. ಬಾಯಾರಿಕೆ ಜಾಸ್ತಿ, ರಾತ್ರಿ ಪದೇ ಪದೇ ಬಾತ್‌ರೂಮು, ಕೂಡಿ ಬಂದ ನಿದ್ದೆ ಮತ್ತೆ ಕೆಡೋದು. ಡಾಕ್ಟ್ರು ಎರಡು ಹೊತ್ತಿನ ಡೋಸನ್ನ ರಾತ್ರಿಗೇ ಒಟ್ಟಿಗೆ ಮಾಡಿದ್ಮೇಲೆ ಅದು ಎಷ್ಟೋ ಕಮ್ಮಿ ಆಯ್ತು, ಆದ್ರೆ ನೀವಾಗೇ ಹಂಗೆ ಬದಲಾಯಿಸ್ಬೇಡಿ. ಕಾಫಿ ಲೋಟ ಹಿಡಿದಾಗ ಬೆರಳು ಸಣ್ಣಗೆ ನಡುಗೋದು ಇನ್ನೂ ಇದೆ.

ಬ್ಲಡ್ ಟೆಸ್ಟಂತೂ ತಪ್ಪಿಸ್ಲೇಬಾರ್ದು. ಕೊನೇ ಮಾತ್ರೆ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಡ್ಬೇಕು, ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರೋ ಹಂಗೆ ನೋಡ್ಕೋತಾರೆ, ಜೊತೆಗೆ ಥೈರಾಯ್ಡು ಕಿಡ್ನಿ ಟೆಸ್ಟೂ ಇರುತ್ತೆ. ವಾಂತಿ ಭೇದಿ ಆದ್ರೆ, ಬಿಸಿಲಲ್ಲಿ ಮೈ ನೀರು ಇಂಗಿದ್ರೆ ಲೆವೆಲ್ ಏರಿಬಿಡುತ್ತೆ, ತಲೆನೋವಿಗೆ ಅಂತ ಐಬುಪ್ರೊಫೇನ್ ಕೇಳದೆ ನುಂಗಿದ್ರೂ ಅಷ್ಟೇ. ಮಾತು ತೊದಲಿದ್ರೆ, ನಡಿಗೆ ತೂರಾಡಿದ್ರೆ ಲೆವೆಲ್ ಮಿತಿ ಮೀರಿರಬಹುದು, ನಾಳೆ ನೋಡೋಣ ಅನ್ಬೇಡಿ, ಆಗ್ಲೇ ಆಸ್ಪತ್ರೆಗೆ ಹೋಗಿ.

ಮಾತ್ರೆ ಬೆಲೆ ಏನೂ ಭಾರ ಅಲ್ಲ. ಚೆನ್ನಾಗಿದ್ದೀನಿ ಅಂತ ದಿಢೀರ್ ನಿಲ್ಸಿದ್ರೆ ಮೇನಿಯಾ ವಾಪಸ್ ಬರೋ ಅಪಾಯ ಜಾಸ್ತಿ. ಆದ್ರೆ ಇದೊಂದನ್ನೇ ನೆಚ್ಕೊಂಡು ರಾತ್ರಿಯಿಡೀ ಮೊಬೈಲ್ ನೋಡ್ತಿದ್ರೆ ಆಗಲ್ಲ, ಏಳೋ ಟೈಮು ಭಾನುವಾರನೂ ಒಂದೇ ಇರ್ಬೇಕು. ನೈಟ್ ಶಿಫ್ಟ್ ಕೆಲಸದವ್ರಾದ್ರೆ ಮೊದಲ ಭೇಟಿಯಲ್ಲೇ ಡಾಕ್ಟ್ರಿಗೆ ಹೇಳಿ, ನಾವು ತಮ್ಮನ ಶಿಫ್ಟ್ ಬದಲಾಯಿಸೋಕೆ ಆಫೀಸಿಗೆ ಅವರ ಹತ್ರನೇ ಲೆಟರ್ ಬರೆಸ್ಕೊಂಡ್ವಿ.