ಟೈಪ್‌ರೈಟರಿಗೆ ಎಣ್ಣೆ ಬಿಡುವ ಮುನ್ನ

ಹಳೆಯ ಪೋರ್ಟಬಲ್ ಟೈಪ್‌ರೈಟರಿನಲ್ಲಿ ಈಗಲೂ ಬರೆಯುವವರು ನಾನು ಮಾಡಿದ ತಪ್ಪನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಇರುವುದು ಒಲಿವೆಟ್ಟಿ ಲೆಟೆರಾ 32, 1963ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಮಾದರಿ. ಕನ್ನಡವನ್ನು ಕೈಯಲ್ಲೇ ಬರೆಯುವ ನಾನು, ಇಂಗ್ಲಿಷಿಗೆ ಮಾಡುವ ಅನುವಾದಗಳ ಮೊದಲ ಕರಡನ್ನು ಮಾತ್ರ ಇದರಲ್ಲಿ ಹೊಡೆಯುತ್ತೇನೆ; ಊರೂರಿಗೆ ಹೊತ್ತೊಯ್ಯುತ್ತೇನೆ ಕೂಡ.

ಸಾಗರದ ನಮ್ಮ ಮನೆಯಲ್ಲಿ ಮಳೆಗಾಲ ಹಿಡಿದರೆ ಪುಸ್ತಕದ ರಟ್ಟಿಗೂ ಬೂಷ್ಟು ಬರುತ್ತದೆ. ಹೋದ ವರ್ಷದ ಆಷಾಢದಲ್ಲಿ ‘ಎಸ್’ ಮತ್ತು ‘ಡಿ’ ಅಕ್ಷರಗಳ ಕಡ್ಡಿಗಳು ಕಾಗದಕ್ಕೆ ಹೊಡೆದ ಮೇಲೆ ಹಿಂದಕ್ಕೆ ಬೀಳಲು ತಡಮಾಡತೊಡಗಿದವು. ಅಮ್ಮನ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಡಬ್ಬಿ ಕಣ್ಣಿಗೆ ಬಿತ್ತು. ಕಡ್ಡಿಗಳೆಲ್ಲ ಬುಡದಲ್ಲಿ ಸೇರುವ ಅರ್ಧಚಂದ್ರಾಕಾರದ ಲೋಹದ ಭಾಗಕ್ಕೆ, ಅಂದರೆ ಸೆಗ್ಮೆಂಟಿಗೆ, ಎರಡಲ್ಲ, ಹತ್ತು ಹನಿ ಬಿಟ್ಟೆ. ಒಂದು ವಾರ ಯಂತ್ರ ಬೆಣ್ಣೆಯಂತೆ ಓಡಿತು. ಮೂರನೆಯ ವಾರಕ್ಕೆ ಎರಡರ ಜಾಗದಲ್ಲಿ ಒಂಬತ್ತು ಕಡ್ಡಿಗಳು ಮೇಲೆದ್ದವು ಅಲ್ಲೇ ನಿಂತವು. ಒಂದೊಂದನ್ನೂ ಬೆರಳಿನಿಂದ ಹಿಂದಕ್ಕೆ ತಳ್ಳಬೇಕಾಯಿತು.

ಕಾರಣ ಆಮೇಲೆ ತಿಳಿಯಿತು. ಸೆಗ್ಮೆಂಟಿನಲ್ಲಿ ಪ್ರತಿ ಕಡ್ಡಿಗೂ ಒಂದೊಂದು ಸೀಳು ಇರುತ್ತದೆ, ಮತ್ತು ಆ ಸೀಳು ಕಡ್ಡಿ ಆಡುವುದಕ್ಕೆ ಬೇಕಾದಷ್ಟೇ ಅಗಲವಾಗಿರುತ್ತದೆ. ತನ್ನ ತೂಕದಿಂದಲೂ ಬಲು ಹಗುರವಾದ ಸ್ಪ್ರಿಂಗಿನ ಎಳೆತದಿಂದಲೂ ಹಿಂದಿರುಗುವ ಕಡ್ಡಿಗೆ ಅಲ್ಲಿ ಎಣ್ಣೆಯ ಅಗತ್ಯವೇ ಇಲ್ಲ. ಅದು ಒಣಗಿದ್ದಾಗಲೇ ಚೆನ್ನಾಗಿ ಕೆಲಸ ಮಾಡುವ ಭಾಗ. ಎಣ್ಣೆ ಬಿದ್ದರೆ ಧೂಳು, ಕಾಗದದ ನಾರು, ಉಜ್ಜುವ ರಬ್ಬರಿನ ಪುಡಿ, ರಿಬ್ಬನ್ನಿನ ಶಾಯಿ ಎಲ್ಲವೂ ಅದಕ್ಕೆ ಹತ್ತಿಕೊಂಡು ಹಲಸಿನ ಮೇಣದಂತಹ ಅಂಟಾಗುತ್ತದೆ. ಬಾಗಿಲ ಕೀಲು, ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಡಬ್ಬಿಗಳೂ ಇದೇ ಫಲವನ್ನು ಕೊಡುತ್ತವೆ. ಮೊದಲೆರಡು ದಿನದ ಸಲೀಸು ನೋಡಿ ಮೋಸಹೋಗುವುದು ಬಹಳ ಸುಲಭ. ಕೊಬ್ಬರಿ ಎಣ್ಣೆಯ ಮಾತಂತೂ ಬೇಡ.

ಅಲ್ಲಿಗೇ ನಿಲ್ಲಿಸಿದ್ದರೆ ಹಾನಿ ಅಷ್ಟಕ್ಕೇ ಮುಗಿಯುತ್ತಿತ್ತು. ಗಾಬರಿಯಿಂದ ಪಕ್ಕದ ಪಟ್ಟಣದಲ್ಲಿ, ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ಒಬ್ಬರ ಬಳಿ ಕೊಂಡೊಯ್ದೆ. ಗೋದ್ರೆಜ್ ಕಂಪನಿ 2009ರಲ್ಲಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿದ ಮೇಲೆ ಈ ಕೆಲಸ ಬಲ್ಲವರು ಸಿಗುವುದೇ ಅಪರೂಪ, ಸಿಕ್ಕವರನ್ನು ಪ್ರಶ್ನಿಸುವ ಧೈರ್ಯ ನಮಗಿರುವುದಿಲ್ಲ. ಅವರು ಕಾಗದ ಸುತ್ತಿಕೊಳ್ಳುವ ರಬ್ಬರಿನ ಉರುಳೆಯನ್ನು, ಅಂದರೆ ರೋಲರನ್ನು, ಬಿಚ್ಚದೆ, ಅದಕ್ಕೊಂದು ಬಟ್ಟೆಯನ್ನೂ ಸುತ್ತದೆ, ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ತೊಳೆದುಕೊಟ್ಟರು. ಕಡ್ಡಿಗಳು ಸಡಿಲವಾದವು ನಿಜ. ಆದರೆ ಪೆಟ್ರೋಲ್ ಕುಡಿದ ರೋಲರಿನ ರಬ್ಬರು ಎಡಬದಿಯಲ್ಲಿ ಉಬ್ಬಿ, ಒಣಗಿದ ಮೇಲೆ ಕೂದಲೆಳೆಯಂತಹ ಬಿರುಕುಗಳನ್ನು ಬಿಟ್ಟುಕೊಂಡಿತು. ಮುಂಭಾಗದ ಬಣ್ಣ ಎರಡು ಕಡೆ ಮಾಸಿತು. ಎರಡು ಸಾವಿರದ ಎಂಟುನೂರು ರೂಪಾಯಿ ಎಣಿಸಿಕೊಟ್ಟು ಬಂದೆ. ತಪ್ಪು ಅವರದೊಂದೇ ಎನ್ನಲಾರೆ, ಎಣ್ಣೆ ಬಿಟ್ಟವನು ನಾನು.

ಅಮೆರಿಕದ ಕಾದಂಬರಿಕಾರ ಕಾರ್ಮ್ಯಾಕ್ ಮೆಕಾರ್ಥಿ ದಶಕಗಳ ಕಾಲ ಬಳಸಿದ್ದು ಇದೇ ಲೆಟೆರಾ 32. ಪೆಟ್ರೋಲ್ ಬಂಕಿನ ಗಾಳಿ ಕೊಳವೆಯಿಂದ ಧೂಳು ಊದಿಸಿದ್ದನ್ನು ಬಿಟ್ಟರೆ ಅದಕ್ಕೆ ಬೇರೆ ಯಾವ ಆರೈಕೆಯನ್ನೂ ಮಾಡಿಲ್ಲವೆಂದು ಅವರು ಬರೆದುಕೊಟ್ಟಿದ್ದರು. 2009ರ ಹರಾಜಿನಲ್ಲಿ ಅದು 2,54,500 ಡಾಲರಿಗೆ ಹೋಯಿತು. ಬಂಕಿನಿಂದ ಅವರು ಪಡೆದದ್ದು ಗಾಳಿ, ನನ್ನ ಯಂತ್ರದ ಪಾಲಿಗೆ ಬಂದದ್ದು ಪೆಟ್ರೋಲ್.

ಕಡ್ಡಿ ಅಂಟಿಕೊಂಡರೆ ಮಾಡಬೇಕಾದದ್ದು ಇಷ್ಟು. ರೋಲರಿಗೂ ಪ್ಲಾಸ್ಟಿಕ್ ಭಾಗಗಳಿಗೂ ಬಟ್ಟೆ ಹೊದಿಸಿ, ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ತುಸುವೇ ತಾಗಿಸಿ, ಕಿಟಕಿ ತೆರೆದ ಕೋಣೆಯಲ್ಲಿ, ಒಲೆ ದೀಪಗಳಿಂದ ದೂರ ಕುಳಿತು ಸೀಳುಗಳನ್ನು ಮಾತ್ರ ಉಜ್ಜಬೇಕು. ಪ್ರತಿ ಕೀಲಿಯನ್ನು ಮೂವತ್ತು ನಲವತ್ತು ಬಾರಿ ಒತ್ತಿ, ಕರಗಿದ ಕೊಳೆ ಒಳಕ್ಕೆ ಇಳಿಯದಂತೆ ಯಂತ್ರವನ್ನು ಮುಂದಕ್ಕೆ ಬಾಗಿಸಿ ಒರೆಸಿ, ಗಾಳಿ ಊದಬೇಕು. ಒಂದೇ ಸಲಕ್ಕೆ ಆಗುವುದಿಲ್ಲ. ನನಗೆ ನಾಲ್ಕು ಸಂಜೆಗಳು ಹಿಡಿದವು. ಎಣ್ಣೆಗೆ ಜಾಗವಿರುವುದು ರೋಲರನ್ನು ಹೊತ್ತು ಅತ್ತಿತ್ತ ಸರಿಯುವ ಭಾಗವಾದ ಕ್ಯಾರೇಜ್ ಜಾರುವ ಹಳಿಯ ಮೇಲೆ, ಅದೂ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು.

ಈಗ ಯಂತ್ರದ ಪೆಟ್ಟಿಗೆಯಲ್ಲೇ ಒಂದು ಬಟ್ಟೆಯ ಚೀಲವಿದೆ. ಅದರಲ್ಲಿ ಆ ಬ್ರಷ್ಷು, ಚಿಮುಟ, ಕ್ಯಾಮೆರಾ ಲೆನ್ಸಿಗೆ ಊದುವ ರಬ್ಬರ್ ಬುರುಡೆ, ಸೈಕಲ್ ಚಕ್ರದ ಕಡ್ಡಿಯ ತುದಿ ಬಗ್ಗಿಸಿ ಅರದಿಂದ ಉಜ್ಜಿ ಮಾಡಿಕೊಂಡ ಸ್ಪ್ರಿಂಗ್ ಎಳೆಯುವ ಕೊಕ್ಕೆ, ಮತ್ತು ಮೂರು ಅಳತೆಯ ಸ್ಕ್ರೂಡ್ರೈವರುಗಳಿವೆ. ಮೂರು ಏಕೆಂದರೆ ಸ್ಕ್ರೂವಿನ ಗೀರಿಗಿಂತ ಸಣ್ಣದನ್ನು ಹಾಕಿ ತಿರುಗಿಸಿದರೆ ಗೀರು ಸವೆದುಹೋಗುತ್ತದೆ, ಆ ಸ್ಕ್ರೂ ಮತ್ತೆ ಬರುವುದೇ ಇಲ್ಲ. ಬಸ್ಸಿನಲ್ಲಿ ಒಯ್ಯುವಾಗ ಕ್ಯಾರೇಜ್ ಅತ್ತಿತ್ತ ಹೊಡೆದಾಡದಂತೆ ಬೀಗದ ಕಡ್ಡಿಯಿಂದ ಬಿಗಿಯಬೇಕು. ಅಂತಹ ಕಡ್ಡಿ ಇಲ್ಲದಿದ್ದರೆ ಎಡಬಲದ ಮಾರ್ಜಿನ್ ತಡೆಗಳೆರಡನ್ನೂ ನಡುವಿಗೆ ತಂದು ಕ್ಯಾರೇಜನ್ನು ಅಲ್ಲೇ ನಿಲ್ಲಿಸಬೇಕು. ಇಲ್ಲವಾದರೆ ಅದನ್ನು ಎಳೆಯುವ ದಾರ ಕಡಿಯಬಹುದು, ಆ ದಾರ ಕಡಿದರೆ ಯಂತ್ರ ಒಂದು ಅಕ್ಷರವೂ ಮುಂದೆ ಸರಿಯುವುದಿಲ್ಲ. ಹೊಡೆದದ್ದನ್ನು ರಬ್ಬರಿನಿಂದ ಉಜ್ಜುವಾಗಲೂ ಕ್ಯಾರೇಜನ್ನು ಪೂರ್ತಿ ಒಂದು ಬದಿಗೆ ಸರಿಸಿಕೊಂಡರೆ ಪುಡಿ ಸೆಗ್ಮೆಂಟಿನೊಳಕ್ಕೆ ಬೀಳದೆ ಹೊರಗೆ ಉದುರುತ್ತದೆ.

ರೋಲರ್ ಮಾತ್ರ ಸರಿಹೋಗಲಿಲ್ಲ. ಹಾಳೆಯ ಹಿಂದೆ ಇನ್ನೊಂದು ಹಾಳೆ ಸೇರಿಸಿ ಹೊಡೆಯುತ್ತೇನೆ, ಆದರೂ ಎಡಬದಿಯ ಉಬ್ಬು ಬಂದಾಗ ಸಾಲು ತುಸು ಓರೆಯಾಗುತ್ತದೆ, ಬಿರುಕಿನ ಮೇಲೆ ಬಿದ್ದ ಪೂರ್ಣವಿರಾಮ ಕಾಗದವನ್ನು ತೂತು ಮಾಡುತ್ತದೆ. ಹೊಸ ರಬ್ಬರು ಕೂರಿಸಿಕೊಡುವವರನ್ನು ಇನ್ನೂ ಹುಡುಕುತ್ತಿದ್ದೇನೆ.