ಧಾರವಾಡದಲ್ಲಿ ಮೊದಲ ವರ್ಷ: ಬಸ್ಸೋ, ಹಾಸ್ಟೆಲ್ಲೋ, ರೂಮೋ?

ಪಿಯುಸಿ ಮುಗಿಸಿ ಡಿಗ್ರಿಗೆ ಧಾರವಾಡಕ್ಕೆ ಬರುವ ಹಳ್ಳಿ ಹುಡುಗಿಯರಿಗೆ ಇರೋದು ಮೂರು ದಾರಿ. ದಿನಾ ಬಸ್ಸಿನಲ್ಲಿ ಓಡಾಡಬೇಕು, ಸರ್ಕಾರಿ ಹಾಸ್ಟೆಲ್ ಸೇರಬೇಕು, ಇಲ್ಲಾ ಸಪ್ತಾಪುರದ ಕಡೆ ರೂಮು ಮಾಡಬೇಕು. ಮೂರನ್ನೂ ಮಾಡಿ ನೋಡಿದ್ದೇನೆ. ಮನೆಯವರು ಖರ್ಚು ಲೆಕ್ಕ ಹಾಕುತ್ತಾರೆ. ನನಗೆ ಮುಖ್ಯ ಅನಿಸಿದ್ದು ಸಂಜೆ ಹೊತ್ತು ಎಷ್ಟು ಕೈಗೆ ಸಿಗುತ್ತದೆ ಅನ್ನೋದು.

ಖರ್ಚಿನಲ್ಲಿ ಬಸ್ಸಿಗೆ ಎದುರಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದರೆ ಸಾಕು, ಸೊನ್ನೆ ರೂಪಾಯಿ ಟಿಕೆಟ್. ಆದರೆ ನಮ್ಮೂರು ನವಲಗುಂದದ ಹತ್ತಿರ. ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು, ಅಲ್ಲಿಂದ ಮತ್ತೆ 20 ಕಿ.ಮೀ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೂ ಹೋಯಿತು. ಕೊನೇ ಕ್ಲಾಸಿನಲ್ಲಿ ಕಣ್ಣೆಲ್ಲಾ ಗಡಿಯಾರದ ಮೇಲೆ. ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ, ಉಂಡು ಮಲಗಿದರೆ ಆಯಿತು. ಗೆಳತಿಯರಾಗೋದೇ ಕ್ಲಾಸು ಬಿಟ್ಟ ಮೇಲೆ, ಅಲ್ವಾ? ಆ ಹೊತ್ತಿಗೆ ನಾವು ಬಸ್ ಸ್ಟ್ಯಾಂಡಿನಲ್ಲಿ.

ಹಾಸ್ಟೆಲ್ಲಿನಲ್ಲಿ ಮೊದಲು ಕಲಿಯೋದು ಪಾಳಿ. ಬೆಳಗ್ಗೆ ಬಚ್ಚಲ ಮುಂದೆ ಬಣ್ಣಬಣ್ಣದ ಬಕೆಟ್ ಸಾಲು. ಹೊದ್ದುಕೊಂಡೇ ಬಂದು "ಅಕ್ಕಾ, ನಿಮ್ಮ ಹಿಂದ ನಾನರೀ" ಅಂತ ಬಕೆಟ್ ಇಟ್ಟು, ಮತ್ತೆ ಹೋಗಿ ಮಲಗುವವರೂ ಇದ್ದರು. ಸಾರು ತೆಳು, ಅದು ನಿಜ. ಅದಕ್ಕೇ ಊರಿಂದ ಬರುವಾಗ ಎಲ್ಲರ ಚೀಲದಲ್ಲೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಗಂಟು ಬಿಚ್ಚಿದ ಕೋಣೆಯಲ್ಲಿ ಅವತ್ತು ರಾತ್ರಿ ಹೊಸಬರು, ಹಳಬರು ಅನ್ನೋದಿಲ್ಲ. ನಾನು ಕನ್ನಡ ಮಾಧ್ಯಮದವಳು. ಬಿಎಸ್ಸಿ ಕೆಮಿಸ್ಟ್ರಿ ಇಂಗ್ಲಿಷಿನಲ್ಲಿ ತಲೆ ಮೇಲೇ ಹಾದುಹೋಗುತ್ತಿತ್ತು. ಊಟ ಆದ ಮೇಲೆ ಸೀನಿಯರ್ ಅಕ್ಕ ಒಬ್ಬರು ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳೋರು, ಹಳೇ ಪ್ರಶ್ನೆಪತ್ರಿಕೆ ಕೊಡೋರು. ಯಾವ ಟ್ಯೂಷನ್ನಿನಲ್ಲೂ ಇದು ಸಿಗೋದಿಲ್ಲ. ಗದ್ದಲ ಜಾಸ್ತಿ, ಒಬ್ಬಳೇ ಇರಬೇಕು ಅನಿಸಿದರೆ ಟೆರೇಸೇ ಗತಿ.

ರೂಮಿನಲ್ಲಿ ಯಾರ ಅಂಕೆಯೂ ಇಲ್ಲ. ಪಕ್ಕದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪಲ್ಲೆ. ಸಪ್ತಾಪುರದ ತುಂಬ ಕೋಚಿಂಗ್ ಸೆಂಟರುಗಳು, ಹಾಗಾಗಿ ಓದುವ ವಾತಾವರಣಕ್ಕೂ ಕೊರತೆ ಇಲ್ಲ. ಆದರೆ ಬಟ್ಟೆ, ಗ್ಯಾಸು, ಕರೆಂಟ್ ಬಿಲ್ಲು, ಮನೆ ಮಾಲೀಕರ ಕಿರಿಕಿರಿ, ಎಲ್ಲಾ ನಮ್ಮ ತಲೆಗೇ. ಉಳಿದ ಸಂಜೆಯನ್ನು ಸುಮ್ನೆ ಮಾತು, ಮೊಬೈಲು ತಿನ್ನುತ್ತವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಅಂತ ವರ್ಷಕ್ಕೆ ಹತ್ತು ತಿಂಗಳು ಹಣ ಬರುತ್ತದೆ. ಅರ್ಜಿ ಹಾಕಿ, ಬಿಡಬೇಡಿ. ಆದರೆ ಅದು ಖಾನಾವಳಿ ಬಿಲ್ಲಿಗೂ ಪೂರ್ತಿ ಸಾಲದು.

ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಹಾಸ್ಟೆಲ್ಲೇ ಸರಿ. ಕೊನೇ ವರ್ಷ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವಾಗ ರೂಮು ಮಾಡಿ. ಒಂದೇ ಬಸ್ಸಿನಲ್ಲಿ ಮನೆ ಸೇರುವಂತಿದ್ದರೆ ಮಾತ್ರ ಓಡಾಟ. ರೂಮು ನೋಡಲು ಹೋದಾಗ ಬಾಡಿಗೆಗಿಂತ ಮೊದಲು ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಟ್ಯಾಂಕು ಎಷ್ಟು ದೊಡ್ಡದು ಅಂತ ಕೇಳಿ. ಧಾರವಾಡದಲ್ಲಿ ನಲ್ಲಿ ನೀರು ದಿನಾ ಬರುವ ಓಣಿಗಳು ಕಡಿಮೆ.